ನರ್ಸಿಂಗ್ ಕಾಲೇಜಿಗೆ ಪ್ರಯೋಗಾಲಯ: ಮೊದಲು ಕೊಳ್ಳಬೇಕಾದದ್ದು ಏನು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ಪಿಎಚ್.ಡಿ.ಗೆ ತಯಾರಿ ನಡೆಸಿದ್ದೇನೆ. ರಾತ್ರಿ ಪಾಳಿಯ ನರ್ಸ್‌ಗಳ ನಿದ್ರೆ ಮತ್ತು ಒತ್ತಡ ನನ್ನ ವಿಷಯ. ದೇಹದಲ್ಲಿ ನಡೆಯುವುದನ್ನೂ ಮನುಷ್ಯರ ವರ್ತನೆಯನ್ನೂ ಒಟ್ಟಿಗೆ ಅಳೆಯುವ ಪ್ರಯೋಗಾಲಯ ಮಾಡಿ ಎಂದು ಆಡಳಿತ ಮಂಡಳಿ ಎರಡು ಕೋಣೆ ಕೊಟ್ಟಿದೆ. ಒಂದು ರಸ್ತೆಯ ಕಡೆಗಿದೆ, ಇನ್ನೊಂದು ಹಿಂಭಾಗದಲ್ಲಿ. ಮಾದರಿಯಲ್ಲಿನ ಹಾರ್ಮೋನನ್ನು ಬಣ್ಣದ ಮೂಲಕ ಅಳೆಯುವ ಎಲೈಸಾ ರೀಡರ್‌ಗೆ ಮತ್ತು ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಕೊಟೇಶನ್ ಬಂದಿವೆ. ಸಹೋದ್ಯೋಗಿಗಳು ಮಾತ್ರ "ನರ್ಸ್‌ಗಳಿಗೆ ಲ್ಯಾಬ್ ಏಕೆ, ಪ್ರಶ್ನಾವಳಿ ಸಾಲದೇ?" ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಕೊಟೇಶನ್ ಎರಡನ್ನೂ ಸದ್ಯಕ್ಕೆ ಮೇಜಿನ ಡ್ರಾಯರಿನಲ್ಲಿಡಿ. ಹರಿದು ಹಾಕಬೇಡಿ, ಮುಂದೆ ಬೇಕಾಗಬಹುದು. ಮೊದಲು ನಿಮ್ಮ ಸಹೋದ್ಯೋಗಿಗಳಿಗೆ ಉತ್ತರ ಹೇಳಬೇಕು. ಅವರು ಕೇಳಿದ್ದು ಕೊಂಕು ಮಾತಲ್ಲ. ಅದಕ್ಕೆ ನಿಮ್ಮಲ್ಲಿ ಸರಿಯಾದ ಉತ್ತರ ಇಲ್ಲದಿದ್ದರೆ, ಎಂಥ ಯಂತ್ರ ತಂದರೂ ಅದು ತಪಾಸಣಾ ತಂಡ ಬಂದ ದಿನ ಒರೆಸಿಡುವ ಗಾಜಿನ ಕಪಾಟಿನ ವಸ್ತುವಾಗುತ್ತದೆ.

ರಾತ್ರಿ ಪಾಳಿ ಮುಗಿಸಿದ ಒಬ್ಬ ಸಿಸ್ಟರ್ ಮನೆಗೆ ಹೋಗಿ ಮಲಗುತ್ತಾರೆ. ಪ್ರಶ್ನಾವಳಿಯಲ್ಲಿ "ಐದು ಗಂಟೆ ನಿದ್ದೆ ಮಾಡಿದೆ" ಎಂದು ಬರೆಯುತ್ತಾರೆ. ಮಣಿಕಟ್ಟಿಗೆ ಕಟ್ಟಿದ ಚಲನಮಾಪಕ ಮೂರೂವರೆ ಎನ್ನುತ್ತದೆ. ಲಾಲಾರಸದಲ್ಲಿನ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮೂರನೆಯದೇ ಕಥೆ ಹೇಳುತ್ತದೆ. ಯಾರು ಸುಳ್ಳು? ಯಾರೂ ಅಲ್ಲ. ಆ ಮೂರರ ನಡುವಿನ ಅಂತರವೇ ನಿಮ್ಮ ಸಂಶೋಧನೆ. ನೋವು, ಭಯ, ದಣಿವು, ನಿದ್ರೆಗೇಡು ಎಲ್ಲದರಲ್ಲೂ ರೋಗಿ ಹೇಳುವುದು ಒಂದಿರುತ್ತದೆ, ದೇಹ ಮಾಡುವುದು ಇನ್ನೊಂದಿರುತ್ತದೆ. ಎರಡನ್ನೂ ಒಂದೇ ಹಾಸಿಗೆಯ ಪಕ್ಕದಲ್ಲಿ, ಇಪ್ಪತ್ತನಾಲ್ಕು ಗಂಟೆಯೂ ನೋಡುವವರು ನರ್ಸ್‌ಗಳು. ವೈದ್ಯರು ರೌಂಡ್ಸ್‌ಗೆ ಬಂದು ಹೋಗುತ್ತಾರೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದಾಗ ಸದ್ದಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ವಾರ್ಡಿನಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಳಗೆ 1986ರಲ್ಲಿ ನರ್ಸಿಂಗ್ ಸಂಶೋಧನೆಗೆ ಒಂದು ಕೇಂದ್ರ ತೆರೆಯಿತು, 1993ರಲ್ಲಿ ಅದು ಪೂರ್ಣ ಪ್ರಮಾಣದ ಸಂಸ್ಥೆಯಾಯಿತು. ಅಲ್ಲಿನ ಹಲವು ನರ್ಸಿಂಗ್ ಶಾಲೆಗಳಲ್ಲಿ ನೀವು ಹೇಳುವಂಥ ಪ್ರಯೋಗಾಲಯಗಳಿವೆ. ಸಹೋದ್ಯೋಗಿಗಳಿಗೆ ಹೇಳಲು ಇಷ್ಟು ಸಾಕು.

ಇನ್ನು ಕೋಣೆಗಳು. ಹಿಂಭಾಗದ ಕೋಣೆ ಜನರಿಗೆ, ರಸ್ತೆಯ ಕಡೆಯದು ಮಾದರಿಯ ಕೊಳವೆಗಳಿಗೆ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ: ಯಂತ್ರಕ್ಕೆ ತಂಪಾದ, ಧೂಳಿಲ್ಲದ ಕೋಣೆ ಕೊಟ್ಟು, ಅಧ್ಯಯನಕ್ಕೆ ಬಂದವರನ್ನು ಬಸ್ಸಿನ ಹಾರ್ನ್ ಕೇಳುವ ಕಡೆ ಕೂರಿಸುತ್ತಾರೆ. ಕೊಳವೆಗಳನ್ನು ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್‌ಗೆ ಹಾರ್ನ್‌ನ ಗೊಡವೆಯಿಲ್ಲ. ಮಲಗಿರುವವರ ಹೃದಯಕ್ಕೆ ಇದೆ.

ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತವನ್ನು, ಅಂದರೆ ಎಚ್‌ಆರ್‌ವಿಯನ್ನು, ಅಳೆಯುವುದೆಂದರೆ ಆ ವ್ಯಕ್ತಿ ಹತ್ತು ನಿಮಿಷ ಸುಮ್ಮನೆ ಮಲಗಿ, ನಂತರ ಐದು ನಿಮಿಷ ಅಲುಗದೆ ಇರಬೇಕು. ಈ ಐದು ನಿಮಿಷದ ಅಳತೆಯನ್ನು 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಕಾರ್ಯಪಡೆ ಗೊತ್ತುಮಾಡಿತು. ಇಂದಿಗೂ ಅದೇ ನಡೆಯುತ್ತದೆ. ನಾಲ್ಕೂವರೆ ನಿಮಿಷಕ್ಕೆ ಮೊಬೈಲ್ ರಿಂಗಾದರೆ ಮತ್ತೆ ಮೊದಲಿನಿಂದ. ಆದ್ದರಿಂದ ಆ ಕೋಣೆಗೆ ಬೇಕಾದವು ಒಂದು ಮಂಚ, ದಪ್ಪ ಪರದೆ, ಪಕ್ಕದಲ್ಲೇ ಶೌಚಾಲಯ, ಉಷ್ಣಮಾಪಕ, ಬಾಗಿಲಿಗೆ "ಅಳತೆ ನಡೆದಿದೆ" ಎಂಬ ಫಲಕ. ಏಪ್ರಿಲ್‌ನ ಬಿಸಿಲಿಗೆ ಫ್ಯಾನ್ ಸಾಲದು; ಬೆವರು ಬಂದರೆ ಚರ್ಮದ ವಿದ್ಯುತ್ ವಾಹಕತೆಯ ಅಳತೆ ಒತ್ತಡವನ್ನು ತೋರಿಸುವ ಬದಲು ಸೆಕೆಯನ್ನು ತೋರಿಸುತ್ತದೆ. ಆ ಕೋಣೆಗೆ ಎಸಿ ಹಾಕಿಸಿ. ಹಾಕಿಸುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಇಸಿಜಿ ಗೆರೆಯ ಮೇಲೆ 50 ಹರ್ಟ್ಜ್‌ನ ನಡುಕ ಸವಾರಿ ಮಾಡುತ್ತದೆ. ಎಷ್ಟು ದುಬಾರಿ ಯಂತ್ರವಾದರೂ ಅಷ್ಟೇ.

ಈಗ ಲಾಲಾರಸದ ವಿಚಾರ. ನಿಮ್ಮ ಅಧ್ಯಯನ ಗೆಲ್ಲುವುದೂ ಸೋಲುವುದೂ ಇಲ್ಲೇ ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮೊದಲ ಅಧ್ಯಯನವೂ ರಾತ್ರಿ ಪಾಳಿಯವರದೇ ಆಗಿತ್ತು. ಬೆಳಿಗ್ಗೆ 8ಕ್ಕೆ ಪಾಳಿ ಬದಲಾಗುವಾಗ ಎಲ್ಲರಿಂದಲೂ ಮಾದರಿ ತೆಗೆದೆ. ಕೊಳವೆಯ ಮೇಲೆ 8.00 ಎಂದು ಚೊಕ್ಕವಾಗಿ ಬರೆದೆ. ಕಾರ್ಟಿಸಾಲ್ ನಿದ್ದೆಯಿಂದ ಎದ್ದ 30ರಿಂದ 45 ನಿಮಿಷದೊಳಗೆ ಶಿಖರಕ್ಕೇರಿ, ದಿನವಿಡೀ ಇಳಿದು, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಹಗಲು ಪಾಳಿಗೆ ಬಂದವರು ಆರಕ್ಕೆ ಎದ್ದವರು. ರಾತ್ರಿ ಪಾಳಿಯವರಲ್ಲಿ ಕೆಲವರು ಇಡೀ ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಕೆಲವರು ಮೂರು ಗಂಟೆಗೆ ಡ್ಯೂಟಿ ರೂಮಿನಲ್ಲಿ ಅರ್ಧ ಗಂಟೆ ತಲೆಯಿಟ್ಟಿದ್ದರು. ಯಾರು ಎಷ್ಟು ಹೊತ್ತಿಗೆ ಎದ್ದರು ಎಂದು ನಾನು ಕೇಳಿಯೇ ಇರಲಿಲ್ಲ. ಕೇಳಿದ್ದರೂ ತಲೆಯಿಟ್ಟದ್ದನ್ನು ಒಪ್ಪಿಕೊಳ್ಳುತ್ತಿದ್ದರೇ? ಮೇಟ್ರನ್‌ಗೆ ಗೊತ್ತಾದರೆ ಎಂಬ ಹೆದರಿಕೆ ಇತ್ತಲ್ಲ! ನಾಲ್ಕು ತಿಂಗಳ ಕೆಲಸ ಹಾಗೇ ಹೋಯಿತು. ಕೊಳವೆಯೊಳಗಿನದು ಸರಿಯಾಗಿಯೇ ಇತ್ತು, ಕೊಳವೆಯ ಮೇಲೆ ಬರೆದದ್ದು ಸಾಲದಾಗಿತ್ತು.

ಆದ್ದರಿಂದ ಪ್ರತಿ ಮಾದರಿಗೂ ಎರಡು ಸಮಯ ಬರೆಯಿರಿ: ಮಾದರಿ ಕೊಟ್ಟ ಹೊತ್ತು, ಕೊನೆಯ ಬಾರಿ ನಿದ್ದೆಯಿಂದ ಎದ್ದ ಹೊತ್ತು. ಈ ಮಾಹಿತಿ ಮೇಲಧಿಕಾರಿಗಳಿಗೆ ಹೋಗುವುದಿಲ್ಲ ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಬರೆದುಕೊಡಿ, ಬಾಯಲ್ಲೂ ಹೇಳಿ. ಮನೆಯಲ್ಲಿ ಮಾದರಿ ತೆಗೆಯುವವರಿಗೆ, ಕೊಳವೆಯನ್ನು ಗಡಿಯಾರದ ಪಕ್ಕ ಹಿಡಿದು ಒಂದು ಫೋಟೊ ಕಳಿಸಲು ಹೇಳಿ. "ಎದ್ದ ತಕ್ಷಣ ತೆಗೆದೆ" ಎಂಬ ಮಾತಿಗೆ ಹಲ್ಲುಜ್ಜಿ, ಚಹಾ ಸೋಸಿ, ಮಗುವನ್ನು ಎಬ್ಬಿಸಿದ ನಂತರ ಎಂಬ ಅರ್ಥವೂ ಇರುತ್ತದೆ.

ಹಲ್ಲುಜ್ಜಿದ ಮೇಲಂತೂ ತೆಗೆಯಲೇಬಾರದು. ವಸಡಿನಿಂದ ಒಂದಿಷ್ಟು ರಕ್ತ ಬೆರೆತರೂ ಲೆಕ್ಕ ಕೆಡುತ್ತದೆ, ಏಕೆಂದರೆ ರಕ್ತದಲ್ಲಿ ಕಾರ್ಟಿಸಾಲ್ ಲಾಲಾರಸಕ್ಕಿಂತ ಹಲವು ಪಟ್ಟು ಹೆಚ್ಚು. ಊಟ ತಿಂಡಿ ಆಗಿ ಒಂದು ಗಂಟೆ ಕಳೆದಿರಬೇಕು. ಬಾಯಿ ಮುಕ್ಕಳಿಸಿದರೆ ಹತ್ತು ನಿಮಿಷ ಕಾಯಬೇಕು, ಇಲ್ಲದಿದ್ದರೆ ನೀವು ಅಳೆಯುವುದು ನಲ್ಲಿ ನೀರನ್ನು. ನಮ್ಮ ಕಡೆಯ ತೊಡಕುಗಳು ವಿದೇಶದ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಎಲೆಅಡಿಕೆಯ ಸುಣ್ಣ ಲಾಲಾರಸದ ಪಿಎಚ್ ಅನ್ನು ಬದಲಿಸುತ್ತದೆ. ಎಲೈಸಾ ನಿಂತಿರುವುದೇ ಪ್ರತಿಕಾಯ ಸರಿಯಾಗಿ ಅಂಟಿಕೊಳ್ಳುವುದರ ಮೇಲೆ, ಆಮ್ಲ ಅಥವಾ ಕ್ಷಾರ ಹೆಚ್ಚಾದರೆ ಅದು ಅಂಟುವುದಿಲ್ಲ. ಗುಟ್ಕಾದ ನಿಕೋಟಿನ್ ಕಾರ್ಟಿಸಾಲನ್ನೇ ಏರಿಸುತ್ತದೆ. ಕೀಲುನೋವಿಗೆಂದು ಊರಿನಲ್ಲಿ ತೆಗೆದುಕೊಂಡ ಬಿಳಿ ಗುಳಿಗೆಯಲ್ಲಿ ಸ್ಟೀರಾಯ್ಡ್ ಇದ್ದಿರಬಹುದು. ಪ್ರೆಡ್ನಿಸೊಲೋನ್‌ನಂಥದ್ದನ್ನು ಹಲವು ಕಿಟ್‌ಗಳು ಕಾರ್ಟಿಸಾಲ್ ಎಂದೇ ಎಣಿಸಿಬಿಡುತ್ತವೆ. "ಯಾವ ಔಷಧಿ?" ಎಂದು ಕೇಳಿದರೆ "ಏನೂ ಇಲ್ಲ" ಎನ್ನುತ್ತಾರೆ. ಗುಳಿಗೆಯ ಚೀಟಿ, ಹಚ್ಚುವ ಮುಲಾಮು, ಸೇದುವ ಪಂಪು ಎಲ್ಲವನ್ನೂ ತಂದು ತೋರಿಸಲು ಹೇಳಿ.

ಹತ್ತಿಯ ಉಂಡೆ ಬಾಯಲ್ಲಿಟ್ಟು ತೆಗೆಯುವುದು ಸುಲಭ ನಿಜ, ಆದರೆ ಹತ್ತಿ ಕೆಲವು ಹಾರ್ಮೋನುಗಳ ಅಳತೆಯನ್ನು ಕೆಡಿಸುತ್ತದೆ. ನಾನು ಚಿಕ್ಕ ನಳಿಕೆಯಿಂದ ಕೊಳವೆಗೆ ತಾನಾಗಿ ಇಳಿಯಬಿಡುವುದನ್ನೇ ಮೆಚ್ಚುತ್ತೇನೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ನಾಲಿಗೆಯ ಕೆಳಗೆ ಸೇರಿದ್ದನ್ನು ಇಳಿಸಬೇಕು, ಉಗುಳಬಾರದು. ಬಾಯಿ ಒಣಗಿದೆ ಎನ್ನುವವರಿಗೆ ಹುಣಸೆಹಣ್ಣನ್ನು ನೆನೆಸಿಕೊಳ್ಳಿ ಎನ್ನಿ. ಕೈಗೆ ಮಾತ್ರ ಕೊಡಬೇಡಿ, ಹುಳಿ ಬಾಯಿಗೆ ಬಿದ್ದರೆ ಮತ್ತೆ ಪಿಎಚ್ ತಕರಾರು.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇದೆ. ಲಾಲಾರಸ ಎಂಬುದು ಪುಸ್ತಕದ ಮಾತು. ಜನರಿಗೆ ಅದು ಎಂಜಲು. ಹಾವೇರಿ ಕಡೆಯ ಒಬ್ಬ ಅಜ್ಜಿ ಮೊಮ್ಮಗುವಿನ ಆರೈಕೆಗೆ ವಾರ್ಡಿನಲ್ಲಿದ್ದರು. ಆರೈಕೆ ಮಾಡುವವರ ದಣಿವಿನ ಬಗ್ಗೆ ನಮ್ಮ ವಿದ್ಯಾರ್ಥಿನಿ ಮಾದರಿ ಕೇಳಿದಳು. ಅಜ್ಜಿ ಬೆರಳು ಚಾಚಿ "ರಕ್ತ ಬೇಕಾದರೆ ತೆಗೆದುಕೋ ತಂಗಿ, ನನ್ನ ಎಂಜಲನ್ನು ನಿನ್ನ ಕೈಗೆ ಹೇಗೆ ಕೊಡಲಿ?" ಎಂದರು. ಸೂಜಿಗೆ ಹೆದರಲಿಲ್ಲ, ಎಂಜಲಿಗೆ ಹೆದರಿದರು. ಆ ಹುಡುಗಿ ಜಾಣೆ. ಪರದೆ ಎಳೆದಳು, ಕೊಳವೆಯನ್ನು ಮುಚ್ಚಳದೊಡನೆ ಅಜ್ಜಿಯ ಕೈಗೇ ಕೊಟ್ಟಳು, ಮುಚ್ಚಿ ತಾವೇ ಡಬ್ಬಿಯಲ್ಲಿಡುವಂತೆ ಹೇಳಿ ಮುಖ ತಿರುಗಿಸಿ ನಿಂತಳು. ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿ. ಇಂಥದ್ದನ್ನು ಯಾವ ಬಯೋಕೆಮಿಸ್ಟ್ ಕೂಡ ನಿಮಗೆ ಹೇಳಿಕೊಡಲಾರ.

ಹಸಿ ಕೆಲಸದ ಕೋಣೆಗೆ, ಅಂದರೆ ರಸ್ತೆಯ ಕಡೆಯದಕ್ಕೆ, ಸದ್ಯಕ್ಕೆ ಬೇಕಾದದ್ದು ಸ್ವಲ್ಪವೇ. ಒರೆಸಿದರೆ ಸ್ವಚ್ಛವಾಗುವ ಕಟ್ಟೆ, ಕೈ ತೊಳೆಯಲು ಸಿಂಕ್, ಸಣ್ಣ ಸೆಂಟ್ರಿಫ್ಯೂಜ್, ಎರಡು ಮೂರು ಒಳ್ಳೆಯ ಪಿಪೆಟ್, ಮೈನಸ್ 20 ಡಿಗ್ರಿಯ ಒಂದು ಫ್ರೀಜರ್, ಅದಕ್ಕೆ ಸ್ಟೆಬಿಲೈಜರ್. ಲಾಲಾರಸದ ಕಾರ್ಟಿಸಾಲ್ ಗಟ್ಟಿ ಜೀವ, ಕೆಲವು ತಿಂಗಳು ಮೈನಸ್ 20ರಲ್ಲಿ ಚೆನ್ನಾಗಿಯೇ ಇರುತ್ತದೆ. ರಕ್ತದ ಸೈಟೊಕೈನ್‌ಗಳನ್ನೋ (ಉರಿಯೂತದ ಸಂಕೇತ ಒಯ್ಯುವ ಪ್ರೋಟೀನುಗಳು) ಆರ್‌ಎನ್‌ಎಯನ್ನೋ ವರ್ಷಗಟ್ಟಲೆ ಇಡುವ ದಿನ ಬಂದರೆ ಮೈನಸ್ 80ರ ಮಾತು. ಅದು ಹಗಲಿರುಳು ವಿದ್ಯುತ್ ಕುಡಿಯುವ ಯಂತ್ರ, ಜನರೇಟರ್ ಇಲ್ಲದೆ ಅದನ್ನು ತರುವುದು ಮೇವಿಲ್ಲದ ಮನೆಗೆ ಜರ್ಸಿ ಆಕಳು ತಂದಂತೆ.

ಫ್ರೀಜರ್‌ನಲ್ಲಿ ಇನ್ನೊಂದು ವಸ್ತು ಇಡಿ: ಒಂದು ಬಟ್ಟಲು ನೀರು. ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೊಂದು ರೂಪಾಯಿ ನಾಣ್ಯ ಇಡಿ. ದೀಪಾವಳಿ ರಜೆಯಲ್ಲಿ ಯಾರೋ ಮೊಬೈಲ್ ಚಾರ್ಜ್ ಮಾಡಲು ನಮ್ಮ ಫ್ರೀಜರಿನ ಪ್ಲಗ್ ಕಿತ್ತು, ಹೋಗುವಾಗ ಮತ್ತೆ ಸಿಕ್ಕಿಸಿದ್ದರು. ನಾವು ಬಂದಾಗ ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿತ್ತು, ಮಾಪಕವೂ ಮೈನಸ್ 20 ಎಂದೇ ತೋರಿಸುತ್ತಿತ್ತು. ನಾಣ್ಯ ಮಾತ್ರ ಬಟ್ಟಲಿನ ತಳದಲ್ಲಿತ್ತು.

ಲೇಬಲ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಸ್ಟೇಷನರಿ ಅಂಗಡಿಯ ಸ್ಟಿಕ್ಕರ್ ಚಳಿಗೆ ಉದುರುತ್ತದೆ, ಸ್ಪಿರಿಟ್ ತಾಗಿದರೆ ಮಾರ್ಕರ್ ಅಳಿಸುತ್ತದೆ.

ಎಲೈಸಾ ರೀಡರ್ ಏಕೆ ಬೇಡ ಎಂದೆ? ಲೆಕ್ಕ ಹಾಕಿ. ಒಂದು ತಟ್ಟೆಯಲ್ಲಿ 96 ಗುಳಿ. ಪ್ರಮಾಣಿತ ದ್ರಾವಣಗಳಿಗೆ, ನಿಯಂತ್ರಣ ಮಾದರಿಗಳಿಗೆ ಸುಮಾರು 20 ಹೋದರೆ 76 ಉಳಿಯಿತು. ಪ್ರತಿ ಮಾದರಿಯನ್ನೂ ಎರಡೆರಡು ಗುಳಿಯಲ್ಲಿ ಹಾಕಬೇಕು, ಅಲ್ಲಿಗೆ 38 ಮಾದರಿ. ನಿಮ್ಮ 30 ಮಂದಿ ದಿನಕ್ಕೆ ನಾಲ್ಕರಂತೆ ಎರಡು ದಿನ ಕೊಟ್ಟರೆ 240 ಮಾದರಿ; ಒಬ್ಬರ ಎಂಟೂ ಒಂದೇ ತಟ್ಟೆಯಲ್ಲಿ ಬರಬೇಕಾದ್ದರಿಂದ ತಟ್ಟೆಗೆ ನಾಲ್ಕು ಮಂದಿ, ಒಟ್ಟು ಎಂಟು ತಟ್ಟೆ. ಕೈ ಪಳಗಿದವರಿಗೆ ಒಂದು ವಾರದ ಕೆಲಸ! ವರ್ಷದ ಉಳಿದ 51 ವಾರ ಆ ರೀಡರ್ ಏನು ಮಾಡುತ್ತದೆ? ಡೆಂಗ್ಯೂ, ಹೆಪಟೈಟಿಸ್ ಪರೀಕ್ಷೆ ಮಾಡುವ ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಲ್ಲಿ ಈ ಯಂತ್ರ ಸಾಮಾನ್ಯ. ಗದುಗಿನಲ್ಲೇ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಮೊದಲು ಅಲ್ಲಿ ವಿಚಾರಿಸಿ. ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎನ್ನುವ ದೊಡ್ಡ ಸಂಸ್ಥೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ, ಮನೋವೈಜ್ಞಾನಿಕ ಅಳತೆಗಳ ಸಲಹೆಗೆ ಅಲ್ಲಿಯದೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಐಸ್ ಡಬ್ಬಿ ಹಿಡಿದು ಚಿಗರಿ ಬಸ್ಸಿನಲ್ಲಿ ಹೋದವರಲ್ಲಿ ನಾನೂ ಒಬ್ಬಳು. ಪಕ್ಕದಲ್ಲಿದ್ದವರು ಐಸ್‌ಕ್ರೀಮ್ ಎಂದುಕೊಂಡರು, ನಾನೂ ತಿದ್ದಲಿಲ್ಲ. ಆದರೆ ಮಾತನ್ನು ಬಾಯಲ್ಲೇ ಬಿಡಬೇಡಿ. ಕಿಟ್ ಖರ್ಚು ಯಾರದು, ಪ್ರಬಂಧದಲ್ಲಿ ಯಾರ ಹೆಸರು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಆದರೂ ಎಲೈಸಾ ನಡೆಯುವಾಗ ನೀವು ಅಲ್ಲಿ ನಿಂತಿರಬೇಕು. ಒಬ್ಬರ ಎಂಟು ಮಾದರಿಗಳೂ ಒಂದೇ ತಟ್ಟೆಯಲ್ಲಿ ಬರುವಂತೆ ನೋಡಿಕೊಳ್ಳಿ, ತಟ್ಟೆಯಿಂದ ತಟ್ಟೆಗೆ ಆಗುವ ವ್ಯತ್ಯಾಸ ಆ ವ್ಯಕ್ತಿಯ ದಿನದ ಏರಿಳಿತದಂತೆ ವೇಷ ಹಾಕುತ್ತದೆ. ಜೋಡಿ ಗುಳಿಗಳ ನಡುವಿನ ವ್ಯತ್ಯಾಸ ಶೇಕಡಾ 10 ದಾಟಿದರೆ ಆ ಮಾದರಿಯನ್ನು ಮತ್ತೆ ಹಾಕಿಸಿ. ಇನ್ನೊಂದು ವಿಷಯ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಕೊನೆಯಲ್ಲಿ ನೀಲಿ ಹಳದಿಗೆ ತಿರುಗಿದಾಗ ಗಾಢ ಹಳದಿ ಕಂಡಲ್ಲಿ ಕಾರ್ಟಿಸಾಲ್ ಹೆಚ್ಚು ಎಂದುಕೊಳ್ಳುತ್ತಾರೆ. ಇದು ಪೈಪೋಟಿಯ ಪರೀಕ್ಷೆ. ಮಾದರಿಯ ಕಾರ್ಟಿಸಾಲ್ ಕಿಟ್‌ನಲ್ಲಿರುವ, ಬಣ್ಣ ತರುವ ಕಾರ್ಟಿಸಾಲನ್ನು ತಳ್ಳಿ ಕೂರುತ್ತದೆ, ಆದ್ದರಿಂದ ಬಣ್ಣ ಪೇಲವವಾದಷ್ಟೂ ಕಾರ್ಟಿಸಾಲ್ ಹೆಚ್ಚು. ಕಿಟ್ ತರಿಸುವುದು ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲೆ; ಅವುಗಳಿಗೂ ಅವಧಿ ಇರುತ್ತದೆ. ಶನಿವಾರ ಸಂಜೆ ಕೊರಿಯರ್ ಬರದಂತೆ ನೋಡಿಕೊಳ್ಳಿ, ಭಾನುವಾರ ಇಡೀ ದಿನ ಅದು ಗೇಟಿನ ಬಳಿ ಬಿಸಿಲು ಕಾಯಿಸುತ್ತದೆ.

ಉಳಿದ ಹಣದಲ್ಲಿ ಮಣಿಕಟ್ಟಿನ ಚಲನಮಾಪಕಗಳನ್ನು ಕೊಳ್ಳಿ, ಹತ್ತಾದರೂ ಇರಲಿ. ಅಂಗಡಿಯ ಸ್ಮಾರ್ಟ್ ವಾಚ್ ಬೇಡ. ಅಧ್ಯಯನದ ಮಧ್ಯದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ನಿದ್ದೆಯ ಲೆಕ್ಕವೇ ಬದಲಾದರೆ ಕಂಪನಿ ನಿಮಗೆ ಹೇಳುವುದಿಲ್ಲ. ಜೊತೆಗೆ ಕಾಗದದ ನಿದ್ರಾ ದಿನಚರಿ ಕೊಡಿ, ಗಡಿಯಾರ ಬಿಚ್ಚಿ ಪಾತ್ರೆ ತೊಳೆದ ಅರ್ಧ ಗಂಟೆಯನ್ನು ಯಂತ್ರ ನಿದ್ದೆ ಎಂದು ತಿಳಿಯುತ್ತದೆ.

ಪ್ರಶ್ನಾವಳಿಗಳನ್ನು ಕಡೆಗಣಿಸಬೇಡಿ. ಒತ್ತಡಕ್ಕೆ ಹತ್ತು ಪ್ರಶ್ನೆಗಳ ಪಿಎಸ್‌ಎಸ್, 0ಯಿಂದ 40. ಅದರಲ್ಲಿ ನಾಲ್ಕು ಪ್ರಶ್ನೆಗಳ ಅಂಕ ತಿರುಗಿಸಿ ಹಾಕಬೇಕು, ಮರೆತವರನ್ನು ನಾನು ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೇ ಕಂಡಿದ್ದೇನೆ. ನಿದ್ರೆಗೆ ಪಿಎಸ್‌ಕ್ಯೂಐ, 0ಯಿಂದ 21, ಐದು ದಾಟಿದರೆ ನಿದ್ರೆ ಚೆನ್ನಾಗಿಲ್ಲ ಎಂದರ್ಥ. ಅದು ಹಿಂದಿನ ಒಂದು ತಿಂಗಳನ್ನು ಕೇಳುತ್ತದೆ ಎಂಬುದು ನೆನಪಿರಲಿ. ಪಾಳಿ ವಾರಕ್ಕೊಮ್ಮೆ ಬದಲಾಗುವ ಕಡೆ ಆ ಒಂದು ಸಂಖ್ಯೆ ಮೂರು ಬಗೆಯ ನಿದ್ದೆಯನ್ನು ಕಲಸಿಬಿಡುತ್ತದೆ. ಬಳಸಲು ಅನುಮತಿ ಪಡೆಯಿರಿ. ಕನ್ನಡ ರೂಪವನ್ನು ಐದಾರು ಮಂದಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಏನು ಅರ್ಥ ಮಾಡಿಕೊಂಡರು ಎಂದು ಕೇಳಿ. "ಒತ್ತಡ" ಎಂದರೆ ಬಿಪಿ ಎಂದುಕೊಳ್ಳುವವರು ನಮ್ಮಲ್ಲಿ ಬಹಳ. "ಟೆನ್ಷನ್" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ನಿಯಮಗಳು ನಿಮಗೆ ಗೊತ್ತಿರುವವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, 2017ರ ನೈತಿಕ ಮಾರ್ಗಸೂಚಿ, ಕನ್ನಡದಲ್ಲಿ ಒಪ್ಪಿಗೆ ಪತ್ರ, ಉಳಿದ ಮಾದರಿಯನ್ನು ಇಟ್ಟುಕೊಳ್ಳುವುದಾದರೆ ಅದಕ್ಕೆ ಪ್ರತ್ಯೇಕ ಸಹಿ. ಮುಂದೆ ಏನಾದರೂ ಚಿಕಿತ್ಸೆ ಅಥವಾ ತರಬೇತಿ ಕೊಟ್ಟು ಪರಿಣಾಮ ನೋಡುವುದಾದರೆ ಮೊದಲ ವ್ಯಕ್ತಿ ಸೇರುವ ಮೊದಲೇ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿ. 2018ರ ಏಪ್ರಿಲ್‌ನಿಂದೀಚೆಗೆ, ಅಧ್ಯಯನ ಆರಂಭಿಸಿದ ಮೇಲೆ ಮಾಡುವ ನೋಂದಣಿ ನಡೆಯುವುದಿಲ್ಲ. ಕೊಳವೆ ಮತ್ತು ಪಿಪೆಟ್ ತುದಿಗಳು ಕೆಂಪು ಚೀಲಕ್ಕೆ. ಕೆಲಸ ಮಾಡುವ ಎಲ್ಲರಿಗೂ, ಕಸ ಗುಡಿಸುವವರಿಗೂ, ಹೆಪಟೈಟಿಸ್ ಬಿ ಲಸಿಕೆ ಆಗಿರಲಿ.

ನಿಮ್ಮ ಪಿಎಚ್.ಡಿ. ಮುಗಿದ ಮೇಲೂ ಆ ಕೋಣೆಗಳಿಗೆ ಕೆಲಸ ಬೇಕಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ತೆಗೆಯುವ ಹೆಂಗಸರ ಕೈ ಉರಿ ರಾತ್ರಿ ನಿದ್ದೆಗೆ ಬಿಡುತ್ತದೆಯೇ? ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಎದೆಗೆ ಅಪ್ಪಿಕೊಂಡ ತಾಯಿಯ ಕಾರ್ಟಿಸಾಲ್ ಇಳಿಯುವಾಗ ಮಗುವಿನದೂ ಇಳಿಯುತ್ತದೆಯೇ? ಮೊದಲನೆಯದಕ್ಕೆ ಚಲನಮಾಪಕ ಮತ್ತು ದಿನಚರಿ ಸಾಕು, ಒಂದು ಹನಿ ರಾಸಾಯನಿಕವೂ ಬೇಡ. ಅಲ್ಲಿ ಲಾಲಾರಸ ತೆಗೆಯುವುದನ್ನು ಮಾತ್ರ ನಾನು ಸೂಚಿಸಲಾರೆ, ಆ ಘಾಟಿನಲ್ಲಿ ಕಣ್ಣು, ಮೂಗು, ಬಾಯಿ ಎಲ್ಲವೂ ಒಟ್ಟಿಗೆ ಸುರಿಯುತ್ತವೆ.

ಬರುವ ವಾರ ನಿಮ್ಮ ಪಾಳಿ ಹೇಗಿದ್ದರೂ ಎರಡು ದಿನ ನಿಮ್ಮದೇ ಮಾದರಿ ತೆಗೆಯಿರಿ: ಎದ್ದ ಕೂಡಲೇ, 30 ನಿಮಿಷಕ್ಕೆ, 45 ನಿಮಿಷಕ್ಕೆ, ರಾತ್ರಿ ಮಲಗುವ ಮುನ್ನ. ಎಷ್ಟು ಸಲ ಮರೆತಿರಿ, ಎಷ್ಟು ಸಲ ಚಹಾ ಮೊದಲು ಬಾಯಿಗೆ ಹೋಯಿತು, ಮನೆಯವರ ಮುಂದೆ ನಳಿಕೆ ಹಿಡಿಯಲು ಎಷ್ಟು ಸಂಕೋಚವಾಯಿತು ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಕಾರ್ಯವಿಧಾನದ ಕೈಪಿಡಿಯ ಮೊದಲ ಪುಟ ಅದೇ ಆಗಲಿ. ಕೊಳವೆಯ ಮೇಲೆ ನಿಮ್ಮ ಹೆಸರು ಬೇಡ, 001 ಎಂದು ಬರೆಯಿರಿ.